ತೊರುಞ್ ಪಟ್ಟಣವನ್ನು ನದಿಯ ಕಡೆಯಿಂದ ನೋಡಿ: ಒಂದು ದಿನದ ನಡಿಗೆಗೆ ದಾರಿ

ಓದಲು ಅಥವಾ ಕೆಲಸಕ್ಕೆ ಅಂತ ಪೋಲೆಂಡಿಗೆ ಬಂದ ನಮ್ಮವರು ಎರಡು ದಿನ ರಜೆ ಸಿಕ್ಕರೆ ಸಾಮಾನ್ಯವಾಗಿ ಕ್ರಾಕೂವ್‌ಗೋ ಗ್ದಾಞ್ಸ್ಕ್‌ಗೋ ಹೋಗುತ್ತಾರೆ. ಎರಡೂ ಚಂದದ ಊರುಗಳೇ. ಆದರೆ ಹಳೆಯ ಪೋಲಿಷ್ ಪಟ್ಟಣ ಹೇಗೆ ಹುಟ್ಟಿತು, ಯಾರ್ಯಾರ ಕೈ ದಾಟಿ ಬಂತು ಅಂತ ಒಂದೇ ದಿನದಲ್ಲಿ ನಡೆದುಕೊಂಡೇ ತಿಳಿಯಬೇಕು ಅಂದರೆ, ನಾನು ಹೇಳುವುದು ತೊರುಞ್ ಹೆಸರನ್ನು.

ಕಾರಣ ಇಷ್ಟೇ. ವಾರ್ಸಾದ ಹಳೇ ಪಟ್ಟಣ ಎರಡನೇ ಮಹಾಯುದ್ಧದಲ್ಲಿ ನೆಲಸಮವಾಯಿತು. ಈಗ ಕಾಣುವುದು ಆಮೇಲೆ ಕಟ್ಟಿದ್ದು. ಗ್ದಾಞ್ಸ್ಕ್ ಕಥೆಯೂ ಹೆಚ್ಚು ಕಡಿಮೆ ಅದೇ. ತೊರುಞ್‌ಗೆ ಮಾತ್ರ ಆ ಯುದ್ಧದಲ್ಲಿ ಅಂಥ ಪೆಟ್ಟು ಬೀಳಲಿಲ್ಲ. ಇಲ್ಲಿಯ ಕೋಟೆಗೋಡೆ, ಚರ್ಚುಗಳ ಇಟ್ಟಿಗೆ ಆರು-ಏಳು ನೂರು ವರ್ಷದ್ದು. ಬರೀ ನೋಡುವುದಲ್ಲ, ಅಂಗೈ ಇಟ್ಟು ಮುಟ್ಟಬಹುದು. 1997ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಾನು ಮೊದಲ ಸಲ ಹೋದಾಗ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಬಸ್ಸಿಳಿದು ನೇರ ಚೌಕಕ್ಕೆ ಹೋದೆ. ಖಗೋಳ ವಿಜ್ಞಾನಿ ಕೋಪರ್ನಿಕಸ್ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಂಡೆ, ಜೇನು ಬಿಸ್ಕತ್ತು ಕಟ್ಟಿಸಿಕೊಂಡೆ, ವಾಪಸ್ ಬಂದೆ. ಊರು ಅರ್ಥವಾಗಲೇ ಇಲ್ಲ. ಎರಡನೇ ಸಲ ನದಿಯ ಆಚೆ ದಡದಿಂದ ಶುರು ಮಾಡಿದೆ. ಆಗ ಒಂದೊಂದೂ ತಾನಾಗಿ ಜೋಡಿಸಿಕೊಂಡಿತು. ಈ ಊರಿನ ಮುಖ ಇರುವುದು ವಿಸ್ತುಲಾ ನದಿಯ ಕಡೆಗೆ. ಹಾಗಾಗಿ ನಾವೂ ಆ ಕಡೆಯಿಂದಲೇ ಬರೋಣ.

ಹೊರಡುವ ಮುಂಚೆ: ಎರಡು ಅಕ್ಷರ, ಒಂದು ದಿನ

ಪೋಲಿಷ್ ಹೆಸರು ನೋಡಿದರೆ ನಾಲಿಗೆ ತಿರುಗುವುದಿಲ್ಲ ಅಂತ ಅನ್ನಿಸುತ್ತದೆ. ಕನ್ನಡದವರಿಗೆ ಅಷ್ಟು ಕಷ್ಟವಿಲ್ಲ. ಊರಿನ ಹೆಸರಿನ ಕೊನೆಯ ಸದ್ದು ನಮ್ಮ ‘ಞ’. ವರ್ಣಮಾಲೆಯಲ್ಲಿ ಕಲಿತು ಅಲ್ಲೇ ಬಿಟ್ಟುಬಂದ ಅಕ್ಷರ ಅಲ್ವಾ, ಅದೇ. ಪೋಲಿಷ್‌ನಲ್ಲಿ ‘ಶ’ ಮತ್ತು ‘ಷ’ ಕೂಡ ಬೇರೆ ಬೇರೆ ಸದ್ದುಗಳು. ಅಲ್ಲಿ ಇವನ್ನು ಅದಲು ಬದಲು ಮಾಡಿದರೆ ಅರ್ಥವೇ ಬದಲಾಗಬಹುದು. ‘ಜೆಞ್ ದೊಬ್ರಿ’ ಅಂದರೆ ನಮಸ್ಕಾರ. ‘ಜೆಂಕುಯೆ’ ಅಂದರೆ ಧನ್ಯವಾದ. ಅಂಗಡಿಗೆ ಕಾಲಿಡುವಾಗ ಮೊದಲನೆಯದನ್ನು ಹೇಳಿ. ಅಲ್ಲಿ ಅದು ಮರ್ಯಾದೆ.

ದಿನ ಆರಿಸುವಾಗ ಸೋಮವಾರ ಬೇಡ. ಹೆಚ್ಚಿನ ಮ್ಯೂಸಿಯಂಗಳಿಗೆ ಅವತ್ತು ರಜೆ. ಭಾನುವಾರ ಪೋಲೆಂಡಿನಲ್ಲಿ ದೊಡ್ಡ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಚರ್ಚುಗಳಲ್ಲಿ ಒಂದಾದ ಮೇಲೊಂದು ಪ್ರಾರ್ಥನೆ ನಡೆಯುತ್ತಿರುತ್ತದೆ, ಒಳಗೆ ಸುತ್ತಾಡಲು ಆಗುವುದಿಲ್ಲ. ಮಂಗಳವಾರದಿಂದ ಶನಿವಾರದ ಒಳಗೆ ಹೋಗಿ. ಬೀದಿಗಳೆಲ್ಲ ಕಲ್ಲುಹಾಸು. ತೆಳು ಅಡಿಯ ಚಪ್ಪಲಿ ಹಾಕಿಕೊಂಡು ಹೋದರೆ ಮಧ್ಯಾಹ್ನಕ್ಕೆ ಪಾದ ಉರಿಯುತ್ತದೆ.

ಮೊದಲ ನಿಲುಗಡೆ: ಎಡದಂಡೆ

ಊರಿಗೆ ಎರಡು ಮುಖ್ಯ ರೈಲು ನಿಲ್ದಾಣಗಳಿವೆ. ತೊರುಞ್ ಗ್ವೂವ್ನಿ ನದಿಯ ಎಡದಂಡೆಯಲ್ಲಿದೆ. ತೊರುಞ್ ಮಿಯಾಸ್ತೊ ಹಳೇ ಪಟ್ಟಣದ ಪಕ್ಕದಲ್ಲೇ ಇದೆ. ಅದೇ ಹತ್ತಿರ ಅಂತ ಎಲ್ಲರೂ ಅಲ್ಲಿ ಇಳಿಯುತ್ತಾರೆ. ನೀವು ಗ್ವೂವ್ನಿಯಲ್ಲಿ ಇಳಿಯಿರಿ. ಬಸ್ ಹತ್ತಬೇಡಿ. ನದಿಯ ಕಡೆ ನಡೆದು ಕೆಂಪಾ ಬಜಾರೋವಾ ಅನ್ನುವ ಮರಗಳ ತೋಪಿನ ಅಂಚಿಗೆ ಬನ್ನಿ. ಅಲ್ಲೊಂದು ನೋಟದ ಕಟ್ಟೆ ಇದೆ.

ಎದುರಿಗೆ ಇಡೀ ಊರು ಒಂದೇ ಸಾಲಿನಲ್ಲಿ ನಿಂತಿರುತ್ತದೆ. ಕೆಳಗೆ ನೀರು, ಮೇಲೆ ಕೋಟೆಗೋಡೆ, ಅದರ ಮೇಲೆ ಕೆಂಪು ಹೆಂಚು. ಎಡಗಡೆ ಗೋಪುರವೇ ಇಲ್ಲದ ಎತ್ತರದ ಚಾವಣಿ ಸಂತ ಮೇರಿ ಚರ್ಚಿನದು. ನಡುವೆ ಪುರಭವನದ ಚೌಕ ಗೋಪುರ. ಅದರ ಬಲಕ್ಕೆ ದಪ್ಪಗೆ, ಗಟ್ಟಿಯಾಗಿ ಕೂತಿರುವುದು ಸಂತ ಯೋಹಾನರ ಕೆಥೆಡ್ರಲ್. ಬಲತುದಿಯಲ್ಲಿ ಒಡೆದ ಗೋಡೆಗಳು, ಅದು ಕೋಟೆ. ಈ ನಾಲ್ಕನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇವತ್ತು ನಡೆಯುವುದು ಇವುಗಳ ನಡುವೆಯೇ.

ಇಲ್ಲೇ ಐದು ನಿಮಿಷ ಹಿನ್ನೆಲೆ ಓದಿಕೊಳ್ಳಿ. 1226ರ ಸುಮಾರಿಗೆ ಪೋಲೆಂಡಿನ ಮಜೋವಿಯಾ ಪ್ರಾಂತದ ದೊರೆ ಕೊನ್ರಾದ್, ನೆರೆಯ ಪ್ರಷ್ಯನ್ ಬುಡಕಟ್ಟುಗಳ ಮೇಲೆ ಯುದ್ಧಕ್ಕೆ ಟ್ಯೂಟನಿಕ್ ನೈಟ್‌ಗಳನ್ನು ಕರೆಸಿದ. ಅವರು ಜರ್ಮನ್ನರು, ಅರ್ಧ ಸನ್ಯಾಸಿಗಳು, ಅರ್ಧ ಸೈನಿಕರು. ಬಿಳಿ ನಿಲುವಂಗಿಯ ಮೇಲೆ ಕಪ್ಪು ಶಿಲುಬೆ. ಸಹಾಯಕ್ಕೆ ಬಂದವರು ತಾವೇ ರಾಜ್ಯ ಕಟ್ಟಿಕೊಂಡು ಕೂತರು. 1233ರ ಡಿಸೆಂಬರ್ 28ರಂದು ತೊರುಞ್‌ಗೆ ಪಟ್ಟಣದ ಸನ್ನದು ಕೊಟ್ಟವರು ಇವರೇ. ಊರು ಮೊದಲು ಇದ್ದದ್ದು ನದಿಯಗುಂಟ ಕೆಳಗೆ, ಬೇರೆ ಜಾಗದಲ್ಲಿ. ಅಲ್ಲಿ ಪ್ರವಾಹದ ಕಾಟ ಜಾಸ್ತಿ. ಹಾಗಾಗಿ 1236ರಲ್ಲಿ ಈಗಿನ ಜಾಗಕ್ಕೆ ಎತ್ತಿಕೊಂಡು ಬಂದರು. ಊರನ್ನು ಓಡಿಸಿದ್ದೂ ನದಿ, ಸಾಕಿದ್ದೂ ಅದೇ ನದಿ. ಪೋಲೆಂಡಿನ ಒಳನಾಡಿನ ಗೋಧಿ, ಮರ, ಮೇಣ ಎಲ್ಲ ತೆಪ್ಪಗಳಲ್ಲಿ ಇಲ್ಲಿಂದ ಇಳಿದು ಗ್ದಾಞ್ಸ್ಕ್ ಸೇರಿ ಸಮುದ್ರ ಕಾಣುತ್ತಿತ್ತು. ಹಾನ್ಸಾ ವರ್ತಕರ ಒಕ್ಕೂಟದಲ್ಲಿ ತೊರುಞ್‌ಗೆ ಸ್ಥಾನ ಸಿಕ್ಕಿದ್ದು ಇದರಿಂದಲೇ.

ಸೇತುವೆ ದಾಟಿ ವಾಲಿದ ಗೋಪುರಕ್ಕೆ

ಉದ್ದನೆಯ ಕಬ್ಬಿಣದ ಸೇತುವೆ ಮೇಲೆ ನಡೆದು ಬಲದಂಡೆಗೆ ಬನ್ನಿ. ಹಳೇ ಪಟ್ಟಣದ ಪಶ್ಚಿಮ ಮೂಲೆಯಲ್ಲಿ ಕ್ಷಿವಾ ವಿಯೆಝಾ, ಅಂದರೆ ವಾಲಿದ ಗೋಪುರ ಸಿಗುತ್ತದೆ. ಎತ್ತರ ಸುಮಾರು 15 ಮೀಟರ್, ವಾಲಿರುವುದು ಸುಮಾರು ಒಂದೂವರೆ ಮೀಟರ್. ಅಡಿಯ ನೆಲ ಮೆತ್ತಗಿತ್ತು, ಕುಸಿಯಿತು. ಕೋಟೆಗೋಡೆಯ ಕಾವಲು ಗೋಪುರ ಇದು. ಮೊದಲು ಮೂರೇ ಗೋಡೆ ಇದ್ದವು, ಊರಿನ ಕಡೆ ತೆರೆದಿತ್ತು. ಶತ್ರು ಹಿಡಿದುಕೊಂಡರೂ ಒಳಗೆ ಅಡಗಿ ಕೂರಲು ಆಗಬಾರದು ಅಂತ.

ಊರವರ ಒಂದು ಆಟವಿದೆ. ಹಿಮ್ಮಡಿ, ಬೆನ್ನು ಎರಡನ್ನೂ ಗೋಡೆಗೆ ತಾಗಿಸಿ ನಿಂತು ಕೈಗಳನ್ನು ಮುಂದೆ ಚಾಚಬೇಕು. ಬೀಳದೆ ನಿಂತವರು ಪಾಪ ಮಾಡದವರು. ಮಕ್ಕಳನ್ನು ಕರೆದುಕೊಂಡು ಹೋದರೆ ಇಲ್ಲಿ ಅರ್ಧ ಗಂಟೆ ಹೋಗುತ್ತದೆ, ಲೆಕ್ಕ ಹಾಕಿಕೊಳ್ಳಿ.

ಹೆಸರಿನ ಕಥೆಯೂ ಗೋಪುರದ್ದೇ. ನದಿ ಬುಡ ಕೊರೆಯುತ್ತಿದ್ದಾಗ ಗೋಪುರ ‘ಬಿದ್ದುಹೋಗುತ್ತೇನೆ’ ಅಂದಿತಂತೆ. ನದಿ ‘ತೊ ರುಞ್’ ಅಂದಿತು. ಹಾಗಾದರೆ ಬೀಳು ಅಂತ ಅರ್ಥ. ಇದು ಜನರ ಕಥೆ, ಇತಿಹಾಸವಲ್ಲ. ಆದರೆ ನೀರಿನ ಪಕ್ಕದಲ್ಲಿ ತಲೆಮಾರುಗಳ ಕಾಲ ಬದುಕಿದವರೇ ಇಂಥ ಕಥೆ ಹೇಳಲು ಸಾಧ್ಯ.

ಇಲ್ಲಿಂದ ಗೋಡೆಯ ಹೊರಗೆ, ನದಿ ದಂಡೆಯಲ್ಲೇ ಪೂರ್ವಕ್ಕೆ ನಡೆಯಿರಿ. ಈ ಭಾಗದಲ್ಲಿ ಕಲ್ಲು ಸಿಗುತ್ತಿರಲಿಲ್ಲ, ಜೇಡಿಮಣ್ಣು ಬೇಕಾದಷ್ಟಿತ್ತು. ಅದಕ್ಕೇ ಎಲ್ಲವೂ ಇಟ್ಟಿಗೆ. ಹತ್ತಿರ ಹೋಗಿ ನೋಡಿ. ಎರಡು ಇಟ್ಟಿಗೆ ಒಂದೇ ಬಣ್ಣ ಇರುವುದಿಲ್ಲ. ಕೆಲವು ಕುಂಕುಮದ ಕೆಂಪು, ಕೆಲವು ಕಪ್ಪಗೆ ಗಾಜಿನಂತೆ ಹೊಳೆಯುತ್ತವೆ. ಕಪ್ಪಾದವು ಭಟ್ಟಿಯ ಬೆಂಕಿಗೆ ತೀರಾ ಹತ್ತಿರ ಇದ್ದವು. ಗೋಡೆ ಒಡೆದು ಇಟ್ಟಿಗೆಯ ಅಗಲದ ಮೈ ಕಾಣುವ ಜಾಗದಲ್ಲಿ ಉದ್ದುದ್ದ ಗೀರುಗಳನ್ನು ಹುಡುಕಿ. ಹಸಿ ಮಣ್ಣನ್ನು ಅಚ್ಚಿಗೆ ಒತ್ತಿ, ಮೇಲೆ ಬೆರಳಿನಿಂದ ಎಳೆದ ಗುರುತು ಅವು. ಪೋಲಿಷರು ಇಂಥ ಇಟ್ಟಿಗೆಗೆ ‘ಬೆರಳಿನ ಇಟ್ಟಿಗೆ’ ಅಂತಲೇ ಹೆಸರಿಟ್ಟಿದ್ದಾರೆ. ನಿಮ್ಮ ಬೆರಳನ್ನು ಆ ಗೀರಿನಲ್ಲಿ ಇಟ್ಟು ನೋಡಿ. ಹೆಸರು ಗೊತ್ತಿಲ್ಲದ ಯಾವನೋ ಕೂಲಿಯವನ ಕೈ, ನಿಮ್ಮ ಕೈ, ಎರಡೂ ಒಂದೇ ಅಳತೆ.

ಒಂದೇ ಮುಳ್ಳಿನ ಗಡಿಯಾರ

ಝೆಗ್ಲಾರ್ಸ್ಕಾ ಬಾಗಿಲು ಬಂದಾಗ ತಲೆ ಎತ್ತಿ. ಝೆಗ್ಲಾರ್ಸ್ಕಾ ಅಂದರೆ ನಾವಿಕರ ಬೀದಿ. ಕೆಥೆಡ್ರಲ್ ಗೋಪುರದ ನದಿ ಕಡೆಯ ಮೈಯಲ್ಲಿ ಒಂದು ಗಡಿಯಾರ ಇದೆ. ಅದಕ್ಕೆ ಒಂದೇ ಮುಳ್ಳು. ಅದನ್ನು ‘ದೇವರ ಬೆರಳು’ ಅನ್ನುತ್ತಾರೆ. 15ನೇ ಶತಮಾನದ ಈ ಗಡಿಯಾರ ತೆಪ್ಪದವರಿಗಾಗಿ ಇಟ್ಟದ್ದು. ಊರೊಳಗಿನವರಿಗೆ ಗಂಟೆ ಕೇಳಿಸುತ್ತದೆ. ನೀರಿನ ಮೇಲೆ ಇರುವವನಿಗೆ ಕಣ್ಣಿಗೆ ಕಾಣಬೇಕು. ನಿಮಿಷದ ಮುಳ್ಳು ಅವನಿಗೆ ಯಾಕೆ?

ಬಾಗಿಲೊಳಗೆ ನುಗ್ಗಿ ಅದೇ ಬೀದಿಯಲ್ಲಿ ಮೇಲೆ ಹೋದರೆ ಕೆಥೆಡ್ರಲ್. ಒಳಗೆ ತಾಮ್ರಮಿಶ್ರ ಲೋಹದ ಹಳೆಯ ದೀಕ್ಷಾಸ್ನಾನದ ತೊಟ್ಟಿ ಇದೆ. 1473ರಲ್ಲಿ ಹುಟ್ಟಿದ ಮಗು ನಿಕೊಲಾಸ್ ಕೋಪರ್ನಿಕಸ್‌ಗೆ ಇಲ್ಲೇ ನೀರು ಹಾಕಿದರು ಅಂತ ನಂಬಿಕೆ. ಗೋಪುರದಲ್ಲಿ ‘ತೂಬಾ ದೇಯಿ’ ಗಂಟೆ, ಅಂದರೆ ದೇವರ ಕಹಳೆ. 1500ರಲ್ಲಿ ಎರಕ ಹೊಯ್ದದ್ದು, ತೂಕ ಏಳು ಟನ್‌ಗೂ ಜಾಸ್ತಿ. ಕ್ರಾಕೂವ್‌ನ ಸಿಗಿಸ್ಮಂಡ್ ಗಂಟೆ ಬರುವ ತನಕ ಪೋಲೆಂಡಿನಲ್ಲಿ ಇದೇ ದೊಡ್ಡದು.

ನಡೆಯುವಾಗ ಬೀದಿಯ ಫಲಕಗಳನ್ನು ಓದುತ್ತಾ ಹೋಗಿ. ಪಿಯೆಕಾರಿ ರೊಟ್ಟಿ ಸುಡುವವರ ಬೀದಿ. ಷೆಫ್ಸ್ಕಾ ಚಪ್ಪಲಿ ಹೊಲಿಯುವವರದು. ವಾಝೆನ್ನಾದಲ್ಲಿ ಸ್ನಾನದ ಮನೆ ಇತ್ತು. ಷೆರೊಕಾ ಅಂದರೆ ಅಗಲ ಬೀದಿ, ಚಾಸ್ನಾ ಅಂದರೆ ಇಕ್ಕಟ್ಟು. ಚಾಸ್ನಾಕ್ಕೆ ಹೋಗಿ ನಿಂತರೆ ಯಾರೂ ಅರ್ಥ ಹೇಳಿಕೊಡಬೇಕಿಲ್ಲ.

ಚೌಕ: ಇಲ್ಲಿ ಜಾಸ್ತಿ ಹೊತ್ತು ಕೊಡಿ

ಹಳೇ ಪಟ್ಟಣದ ಮಾರುಕಟ್ಟೆ ಚೌಕಕ್ಕೆ ರಿನೆಕ್ ಅನ್ನುತ್ತಾರೆ. ನಡುವೆ ಪುರಭವನ. 14ನೇ ಶತಮಾನದ ಕೊನೆಯಲ್ಲಿ ಬಟ್ಟೆ ಅಂಗಡಿ, ರೊಟ್ಟಿ ಅಂಗಡಿ, ತೂಕದ ಕಟ್ಟೆ, ನ್ಯಾಯಾಲಯ ಎಲ್ಲವನ್ನೂ ಒಂದೇ ಸೂರಿನಡಿ ತಂದು ಕಟ್ಟಿದ್ದು. ಅಂದರೆ ಕೊಳ್ಳುವುದು, ಅಳೆಯುವುದು, ಜಗಳ ಬಿದ್ದರೆ ತೀರ್ಪು, ಮೂರೂ ಒಂದೇ ಕಡೆ. 1703ರಲ್ಲಿ ಸ್ವೀಡನ್ ಸೈನ್ಯ ಮುತ್ತಿಗೆ ಹಾಕಿದಾಗ ಫಿರಂಗಿ ಬೆಂಕಿಗೆ ಸುಟ್ಟುಹೋಯಿತು. ಆಮೇಲೆ ಸರಿಪಡಿಸಿದರು. ಈಗ ಮ್ಯೂಸಿಯಂ. ಗೋಪುರ ಹತ್ತಲು ಟಿಕೆಟ್ ತಗೊಳ್ಳಿ, ಬಿಡಬೇಡಿ. ಬೆಳಿಗ್ಗೆ ಆಚೆ ದಡದಿಂದ ನೋಡಿದ್ದನ್ನು ಈಗ ತಿರುಗಿಸಿ ನೋಡುತ್ತೀರಿ.

ಮೂಲೆಯಲ್ಲಿ ಕೋಪರ್ನಿಕಸ್ ಪ್ರತಿಮೆ, 1853ರದ್ದು. ಕೆಳಗಿನ ಲ್ಯಾಟಿನ್ ಸಾಲಿನ ಅರ್ಥ ಹೀಗೆ: ತೊರುಞ್‌ನ ನಿಕೊಲಾಸ್, ಭೂಮಿಯನ್ನು ಚಲಿಸುವಂತೆ ಮಾಡಿದವನು, ಸೂರ್ಯನನ್ನೂ ಆಕಾಶವನ್ನೂ ನಿಲ್ಲಿಸಿದವನು. ಅವನು ಜರ್ಮನ್ನೋ ಪೋಲನೋ ಅಂತ ಎರಡು ಕಡೆಯವರೂ ಬಹಳ ಕಾಲ ಜಗಳವಾಡಿದರು. ನನಗೆ ಈ ಜಗಳದಲ್ಲಿ ಹುರುಳು ಕಾಣುವುದಿಲ್ಲ. ಅಪ್ಪ ಕ್ರಾಕೂವ್‌ನಿಂದ ಬಂದ ವರ್ತಕ, ಅಮ್ಮ ತೊರುಞ್‌ನ ಮನೆತನದವಳು, ಊರಿನ ವ್ಯವಹಾರದ ಮಾತು ಜರ್ಮನ್, ಊರಿನ ಒಡೆಯ ಪೋಲಿಷ್ ರಾಜ. ಎಲ್ಲವೂ ಒಟ್ಟಿಗೆ ಇದ್ದ ಊರು ಅದು.

ಹಾಗಂತ ಎಲ್ಲ ಸೌಖ್ಯವಾಗಿತ್ತು ಅಂದುಕೊಳ್ಳಬೇಡಿ. ಊರಿನ ಜರ್ಮನ್ ಮಾತಿನ ಜನ ಬಹುಪಾಲು ಲೂಥರನ್, ಅಂದರೆ ಪ್ರಾಟೆಸ್ಟಂಟ್ ಪಂಥದವರು. 1724ರ ಬೇಸಿಗೆಯಲ್ಲಿ ಕ್ಯಾಥೊಲಿಕ್ ಜೆಸುಯಿಟ್ ಪಾದ್ರಿಗಳ ಶಾಲೆಯ ಹುಡುಗರಿಗೂ ಅವರಿಗೂ ಹೊಡೆದಾಟವಾಯಿತು. ಗುಂಪು ಶಾಲೆಗೆ ನುಗ್ಗಿತು. ಗಲಭೆ ತಡೆಯಲಿಲ್ಲ ಅನ್ನುವ ಆರೋಪ ಹೊರಿಸಿ ಮೇಯರ್ ಯೋಹಾನ್ ರೋಸ್ನರ್‌ನನ್ನು ಡಿಸೆಂಬರ್ 7ರಂದು ಇದೇ ಪುರಭವನದಲ್ಲಿ ತಲೆ ಕಡಿದು ಕೊಂದರು. ಅವನ ಜೊತೆ ಇನ್ನೂ ಒಂಬತ್ತು ಜನರಿಗೆ ಮರಣದಂಡನೆ. ಲೂಥರನ್ನರ ಕೈಯಲ್ಲಿದ್ದ ಸಂತ ಮೇರಿ ಚರ್ಚನ್ನು ಕಿತ್ತು ಕ್ಯಾಥೊಲಿಕರಿಗೆ ಕೊಟ್ಟರು. ಪುರಭವನದ ಒಳಗಿನ ಅಂಗಳಕ್ಕೆ ಹೋದಾಗ ಒಂದು ನಿಮಿಷ ನಿಲ್ಲಿ.

ಸಂತ ಮೇರಿ ಚರ್ಚು ಚೌಕದ ಪಕ್ಕದಲ್ಲೇ ಇದೆ. ಒಳಗೆ ಆನ್ನಾ ವಾಸಾ ಸಮಾಧಿಯನ್ನು ಹುಡುಕಿ. ಅವಳು ಪೋಲೆಂಡಿನ ರಾಜ ಮೂರನೇ ಸಿಗಿಸ್ಮಂಡ್‌ನ ತಂಗಿ, ಸ್ವೀಡನ್ ರಾಜಕುಮಾರಿ. ಗಿಡಮೂಲಿಕೆಗಳೆಂದರೆ ಅವಳಿಗೆ ಪ್ರಾಣ. ಶಿಮೊನ್ ಸಿರೆಞ್‌ಸ್ಕಿ ಬರೆದ ದೊಡ್ಡ ಗಿಡಮೂಲಿಕೆ ಗ್ರಂಥ 1613ರಲ್ಲಿ ಅಚ್ಚಾದದ್ದು ಅವಳ ದುಡ್ಡಿನಿಂದ. ಆದರೆ ಅವಳು ಲೂಥರನ್. 1625ರಲ್ಲಿ ತೀರಿಕೊಂಡಾಗ ಕ್ರಾಕೂವ್‌ನ ರಾಜಮನೆತನದ ಸಮಾಧಿಯಲ್ಲಿ ಜಾಗ ಸಿಗಲಿಲ್ಲ. ಹನ್ನೊಂದು ವರ್ಷದ ಮೇಲೆ, 1636ರಲ್ಲಿ, ಅಣ್ಣನ ಮಗ ನಾಲ್ಕನೇ ವ್ವಾದಿಸ್ವಾವ್ ಅವಳನ್ನು ಇಲ್ಲಿ ಮಣ್ಣು ಮಾಡಿಸಿದ. ಬಿಳಿ ಕಲ್ಲಿನಲ್ಲಿ ಸುಮ್ನೆ ಮಲಗಿದ್ದಾಳೆ.

ಊಟ, ಆಮೇಲೆ ಪಿಯೆರ್ನಿಕ್

ಸಸ್ಯಾಹಾರಿಗಳು ‘ಬಾರ್ ಮ್ಲೆಚ್ನಿ’ ಅನ್ನುವ ಫಲಕ ನೋಡಿ ಒಳಗೆ ಹೋಗಿ. ಹೆಸರಿನಲ್ಲಿ ಬಾರ್ ಇದ್ದರೂ ಅದು ಅಗ್ಗದ ಊಟದ ಮನೆ, ಹಾಲು-ಹಿಟ್ಟಿನ ತಿನಿಸು ಜಾಸ್ತಿ. ‘ಪಿಯೆರೋಗಿ ರುಸ್ಕಿಯೆ’ ಕೇಳಿ. ಕಡುಬಿನ ಹಾಗೆ ಮಡಚಿ ಬೇಯಿಸಿದ್ದು, ಒಳಗೆ ಆಲೂಗಡ್ಡೆ ಮತ್ತು ಬಿಳಿ ಚೀಸ್. ಮೇಲೆ ಹಂದಿ ಕೊಬ್ಬಿನ ತುಣುಕು ಹಾಕುವ ರೂಢಿ ಇದೆ. ಬೇಡ ಅಂತ ಮೊದಲೇ ಹೇಳಿ. ಝುರೆಕ್ ಸೂಪ್‌ನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ.

ಈಗ ಪಿಯೆರ್ನಿಕ್. ಜೇನು, ಹಿಟ್ಟು, ಮಸಾಲೆ ಸೇರಿಸಿ ಸುಟ್ಟ ದಪ್ಪ ಬಿಸ್ಕತ್ತು. ಇದನ್ನು ಸುಡುತ್ತಿದ್ದ ನಿಕ್ಲೊಸ್ ಚಾನ್ ಅನ್ನುವವನ ಹೆಸರು 1380ರ ದಾಖಲೆಯಲ್ಲೇ ಇದೆ. ಅಂದರೆ ಈ ಕಸುಬು ಆಗಲೇ ಬೇರು ಬಿಟ್ಟಿತ್ತು. ಪಿಯೆರ್ನಿಕ್ ಅನ್ನುವ ಪದ ಹುಟ್ಟಿದ್ದು ಹಳೆಯ ಪೋಲಿಷ್‌ನ ಮೆಣಸು ಅನ್ನುವ ಮಾತಿನಿಂದ. ಕರಿಮೆಣಸು ಪೋಲೆಂಡಿನಲ್ಲಿ ಬೆಳೆಯುವುದಿಲ್ಲ. ಅದು ಬೆಳೆಯುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ. ಘಟ್ಟ ಇಳಿದು, ಕರಾವಳಿಯಲ್ಲಿ ಹಡಗು ಹತ್ತಿ, ಎಷ್ಟೋ ಕೈ ಬದಲಾಗಿ ಈ ಚಳಿಯೂರಿನ ಒಲೆ ಸೇರುತ್ತಿತ್ತು. ಅಷ್ಟು ದೂರದಿಂದ ಬಂದ ಸಾಮಾನು, ಬೆಲೆಯೂ ಅಷ್ಟೇ. ಮಸಾಲೆ ದುಬಾರಿಯಾಗಿದ್ದರಿಂದಲೇ ಪಿಯೆರ್ನಿಕ್ ರಾಜರಿಗೆ, ಅತಿಥಿಗಳಿಗೆ ಕೊಡುವ ಉಡುಗೊರೆಯಾಯಿತು.

ಊರಿನಲ್ಲಿ ಎರಡು ಪಿಯೆರ್ನಿಕ್ ಮ್ಯೂಸಿಯಂಗಳಿವೆ. ಸ್ತ್ರುಮಿಕೋವಾ ಬೀದಿಯದು ಹಳೆಯ ಕಾರ್ಖಾನೆಯ ಕಟ್ಟಡದಲ್ಲೇ ಇದೆ. ಎರಡರಲ್ಲೂ ಹಿಟ್ಟು ಕೈಗೆ ಕೊಟ್ಟು ಮಾಡಿಸುತ್ತಾರೆ. ಬೇಸಿಗೆಯಲ್ಲಿ ಮುಂಚಿತವಾಗಿ ಟಿಕೆಟ್ ಮಾಡಿಸಿ. ಬಾಗಿಲು ತೆಗೆದ ಕೂಡಲೇ ಚಕ್ಕೆ, ಲವಂಗ, ಏಲಕ್ಕಿ, ಶುಂಠಿಯ ವಾಸನೆ ಮುಖಕ್ಕೆ ಬಡಿಯುತ್ತದೆ. ನನಗೆ ಅಲ್ಲಿ ಒಂದು ಕ್ಷಣ ಅಜ್ಜಿಯ ಮಸಾಲೆ ಡಬ್ಬಿ ತೆಗೆದ ಹಾಗಾಯಿತು. ಹಿಟ್ಟು ಗಟ್ಟಿ, ಕಂದು ಬಣ್ಣ, ಜೇನಿನ ಅಂಟು. ಮರದಲ್ಲಿ ಹಿಮ್ಮುಖವಾಗಿ ಕೆತ್ತಿದ ಅಚ್ಚಿಗೆ ಅದನ್ನು ಅಂಗೈ ಬುಡದಿಂದ ಒತ್ತಬೇಕು. ಮೂಲೆಗಳಿಗೆ ಹೆಬ್ಬೆರಳು ಬೇಕು. ಬರೀ ಮೇಲಿಂದ ತಟ್ಟಿದರೆ ರಾಣಿಯ ಮೂಗು ಬರುವುದಿಲ್ಲ. ಆಮೇಲೆ ಅಚ್ಚನ್ನು ಬೋರಲು ಹಾಕಿ ನಿಧಾನ ಬಿಡಿಸಬೇಕು. ಹಳೇ ಕಾಲದಲ್ಲಿ ಮಗಳು ಹುಟ್ಟಿದಾಗ ಹಿಟ್ಟು ಕಲಸಿ ಪೀಪಾಯಿಯಲ್ಲಿ ಹುಳಿಯಲು ಇಟ್ಟು, ಅವಳ ಮದುವೆಗೆ ಸುಡುತ್ತಿದ್ದರು ಅಂತ ಹೇಳುತ್ತಾರೆ.

ಅಚ್ಚಿನಲ್ಲಿ ಮಾಡಿದ್ದು ಅಲಂಕಾರಕ್ಕೆ. ಹಲ್ಲಿಗೆ ಗಟ್ಟಿ. ತಿನ್ನಲು ಬೇಕಿದ್ದರೆ ಅಂಗಡಿಯಲ್ಲಿ ‘ಕತಜಿಂಕಾ’ ಕೇಳಿ. ಆರು ಬಿಲ್ಲೆ ಅಂಟಿಸಿದ ಆಕಾರ, ಮೆತ್ತಗಿರುತ್ತದೆ. ಮನೆಗೆ ತಂದ ಮೇಲೆ ಒಣಗಿದರೆ ಡಬ್ಬಿಯಲ್ಲಿ ಒಂದು ಹೋಳು ಸೇಬು ಇಡಿ, ಒಂದೆರಡು ದಿನದಲ್ಲಿ ಮತ್ತೆ ಮೆತ್ತಗಾಗುತ್ತದೆ.

ಮಧ್ಯಾಹ್ನದ ಮೇಲೆ: ಕೋಪರ್ನಿಕಸ್ ಮನೆ, ಕೋಟೆ, ಹೊಸ ಪಟ್ಟಣ

ಕೋಪರ್ನಿಕಸ್ ಬೀದಿಯ ಮನೆಯಲ್ಲಿ ಖಗೋಳಕ್ಕಿಂತ ಮೊದಲು ಮನೆಯನ್ನೇ ನೋಡಿ. ಕೆಳಗೆ ಎತ್ತರದ ಹಜಾರ, ಅಲ್ಲೇ ವ್ಯಾಪಾರ. ಮೇಲಿನ ಅಂತಸ್ತುಗಳು ಉಗ್ರಾಣ. ಮನುಷ್ಯರು ಮಧ್ಯೆ ಎಲ್ಲೋ ಹೊಂದಿಕೊಂಡು ಬದುಕುತ್ತಿದ್ದರು. ಮೂಟೆ, ತಕ್ಕಡಿ, ನಾಣ್ಯದ ನಡುವೆ ಬೆಳೆದ ಹುಡುಗ ಮುಂದೆ ನಕ್ಷತ್ರದ ಜೊತೆ ನಾಣ್ಯದ ಬಗ್ಗೆಯೂ ಬರೆದ. ಕಡಿಮೆ ಬೆಳ್ಳಿಯ ಕೆಟ್ಟ ನಾಣ್ಯ ಒಳ್ಳೆಯದನ್ನು ಪೇಟೆಯಿಂದ ಓಡಿಸುತ್ತದೆ ಅಂದ.

ಅಲ್ಲಿಂದ ಪೂರ್ವಕ್ಕೆ ಹೋದರೆ ಕೋಟೆ. ಟ್ಯೂಟನಿಕ್ ನೈಟ್‌ಗಳ ತೆರಿಗೆ, ದರ್ಪ ಸಾಕಾಗಿ 1454ರ ಫೆಬ್ರವರಿಯಲ್ಲಿ ಊರವರೇ ಇದನ್ನು ಹಿಡಿದು ಕೆಡವಿದರು. ಪೋಲಿಷ್ ರಾಜನ ಆಶ್ರಯ ಬೇಡಿದರು. ಹದಿಮೂರು ವರ್ಷದ ಯುದ್ಧ ನಡೆದು, 1466ರ ಅಕ್ಟೋಬರ್ 19ರಂದು ಇದೇ ಊರಿನಲ್ಲಿ ಶಾಂತಿ ಒಪ್ಪಂದವಾಯಿತು. ಪೂರ್ತಿ ಉಳಿದದ್ದು ಗ್ದಾನಿಸ್ಕೊ ಗೋಪುರ. ಅದು ಕೋಟೆಯ ಪಾಯಿಖಾನೆ, ಕೆಳಗೆ ತೊರೆ ಹರಿಯುತ್ತಿತ್ತು. ಕೆಡವಿದ ಇಟ್ಟಿಗೆಯನ್ನು ವರ್ತಕರು ಹಾಳು ಮಾಡಲಿಲ್ಲ. 1489ರಲ್ಲಿ ಪಕ್ಕದಲ್ಲೇ ತಮ್ಮ ಕೂಟಗಳಿಗೆ ಒಂದು ಮನೆ ಕಟ್ಟಿಕೊಂಡರು. ಆ ಕಟ್ಟಡ ಇನ್ನೂ ನಿಂತಿದೆ, ತಪ್ಪದೆ ನೋಡಿ.

ಪೊದ್ಮುರ್ನಾ, ಅಂದರೆ ಗೋಡೆಯ ಬುಡದ ಬೀದಿ, ದಾಟಿದರೆ ಹೊಸ ಪಟ್ಟಣ. ಹೊಸದು ಅಂದರೆ 1264ರದ್ದು. ಹಳೆಯದು ವರ್ತಕರದು, ಇದು ಕಸುಬುದಾರರದು. ಬೇರೆ ಚೌಕ, ಬೇರೆ ಸಭೆ, ಬೇರೆ ಚರ್ಚು, ನಡುವೆ ಗೋಡೆ. 1454ರಲ್ಲಿ ಎರಡೂ ಒಂದಾದವು. ಸಂತ ಯಾಕೊಬ್ ಚರ್ಚಿನ ಬಣ್ಣದ ಹೊಳಪಿನ ಇಟ್ಟಿಗೆಗಳನ್ನು ಇಳಿಬಿಸಿಲಿನಲ್ಲಿ ನೋಡಬೇಕು.

ಮುಂದಿನ ಕಾಲದ ಗುರುತುಗಳು ಅಷ್ಟು ಕಣ್ಣಿಗೆ ಬೀಳುವುದಿಲ್ಲ. 1793ರಲ್ಲಿ ಊರು ಜರ್ಮನ್ ರಾಜ್ಯವಾದ ಪ್ರಷ್ಯಾದ ಪಾಲಾಯಿತು, ಸುತ್ತ ಕೋಟೆಗಳ ಸರಪಳಿ ಬಂತು, 1920ರ ಜನವರಿಯಲ್ಲಿ ಪೋಲೆಂಡಿಗೆ ಮರಳಿತು. ಷ್ಚಿತ್ನಾ ಬೀದಿಯಲ್ಲಿ ಯಹೂದಿಗಳ ಸಿನಗಾಗ್ ಇತ್ತು, 1939ರಲ್ಲಿ ನಾಜಿಗಳು ಕೆಡವಿದರು. ಆ ಬೀದಿಯಲ್ಲಿ ಹಾದು ಬನ್ನಿ. 1945ರಲ್ಲಿ ಇಲ್ಲಿ ವಿಶ್ವವಿದ್ಯಾಲಯ ಶುರುವಾದಾಗ ಬಂದ ಮೇಷ್ಟರುಗಳಲ್ಲಿ ಬಹಳ ಜನ ವಿಲ್ನೊದವರು, ಅಂದರೆ ಈಗಿನ ಲಿಥುವೇನಿಯಾದ ವಿಲ್ನಿಯಸ್‌ನವರು. ಗಡಿ ಬದಲಾಗಿ ಅವರ ಊರೇ ಕೈತಪ್ಪಿತ್ತು.

ಕತ್ತಲಾಗುವ ಮುಂಚೆ ಮತ್ತೆ ನದಿ ದಂಡೆಗೆ ಇಳಿಯಿರಿ. ಮೆಟ್ಟಿಲ ಮೇಲೆ ಕೂತು, ಚೀಲದಿಂದ ಕತಜಿಂಕಾ ತೆಗೆದು, ಒಂದೇ ಮುಳ್ಳಿನಲ್ಲಿ ಗಂಟೆ ಎಷ್ಟಾಯಿತು ಅಂತ ಅಂದಾಜು ಮಾಡಿ. ರೈಲಿಗೆ ಮಾತ್ರ ಫೋನು ನೋಡಿ. ವಾಪಸ್ ಹೋಗುವಾಗ ಮಿಯಾಸ್ತೊ ನಿಲ್ದಾಣವೇ ಹತ್ತಿರ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಟಿಕೆಟ್‌ನಲ್ಲಿ ಯಾವ ನಿಲ್ದಾಣದ ಹೆಸರಿದೆ ಅಂತ ನೋಡಿಕೊಂಡು ಹೊರಡಿ.